ತಲೆ ವಾಲಿಸಿ ನಿಲ್ಲುತ್ತಿದ್ದವರು

ಅವರು ಯಾರ ಪಕ್ಕ ನಿಂತರೂ ತಲೆಯನ್ನು ಒಂಚೂರು ಎಡಕ್ಕೆ ವಾಲಿಸಿ, ಕಣ್ಣನ್ನು ಅರ್ಧ ಮುಚ್ಚಿ, ಒಂದು ಗಳಿಗೆ ಸುಮ್ಮನಾಗಿಬಿಡುತ್ತಿದ್ದರು. ಆಮೇಲೆ ಏನೂ ಆಗದವರಂತೆ ಮಾತು ಮುಂದುವರಿಸುತ್ತಿದ್ದರು. ಹೊಸಬರು ತಮ್ಮ ಬಟ್ಟೆಯೇನಾದರೂ ನಾರುತ್ತಿದೆಯೇ ಎಂದು ಗಾಬರಿಯಾಗಿ ಹಿಂದೆ ಸರಿಯುತ್ತಿದ್ದರು. ಹಳಬರು ನಗುತ್ತಿದ್ದರು. ನಾನೂ ಬಹಳ ದಿನ ಆ ನಗುವವರ ಗುಂಪಿನಲ್ಲೇ ಇದ್ದೆ.

ಅವರು ಈಗಿಲ್ಲ. ಹೆಸರು ಹೇಳಿದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ, ಹಾಗಾಗಿ ಸರ್ ಎಂದೇ ಬರೆಯುತ್ತೇನೆ. ಮಲೇಷಿಯಾದ ನಿಲಾಯಿಯ ವಿಶ್ವವಿದ್ಯಾಲಯದಲ್ಲಿ ನಾನಿನ್ನೂ ಅವರ ಲ್ಯಾಬಿನ ಮುಂದೆಯೇ ಹಾದು ಕ್ಲಾಸಿಗೆ ಹೋಗುತ್ತೇನೆ.

ನನ್ನ ಗಂಡನಿಗೆ ಸೈಬರ್‌ಜಯಾದಲ್ಲಿ ಕೆಲಸವಾದ ಮೇಲೆ ನಾನೂ ಮೈಸೂರಿನ ಕಾಲೇಜು ಬಿಟ್ಟು ಇಲ್ಲಿಗೆ ಬಂದೆ. ಕೆಮಿಕಲ್ ಇಂಜಿನಿಯರಿಂಗ್ ಕಲಿಸುವ ಕೆಲಸ ಸಿಕ್ಕಿತು. ಮೊದಲ ದಿನ ಆಫೀಸಿನಲ್ಲಿ ಸಹಿ ಹಾಕುತ್ತ ಕುಳಿತಿದ್ದಾಗ ಬಾಗಿಲಲ್ಲಿ ಒಬ್ಬ ಸಣಕಲು ಮನುಷ್ಯ ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಕಾಲಿಗೆ ರಬ್ಬರ್ ಬೂಟು.

"ಕನ್ನಡದವರು ಬಂದಾರಂತ ಕೇಳಿದೆ. ಸಹಿ ಆಮ್ಯಾಲೆ ಮಾಡ್ರಿ. ಮೊದಲ ಬಂದು ಇವರನ್ನ ಭೆಟ್ಟಿ ಆಗ್ರಿ" ಎಂದರು.

ಧಾರವಾಡದ ಮಾತು ಎಂದು ಕೂಡಲೇ ಗೊತ್ತಾಯಿತು. ಯಾರನ್ನೋ ಪರಿಚಯಿಸುತ್ತಾರೆ ಎಂದು ಹಿಂದೆ ಹೋದೆ. ಕ್ಯಾಂಪಸ್ಸಿನ ತುದಿಯಲ್ಲಿ, ತಂತಿಬೇಲಿಯ ಆಚೆ ತಾಳೆಎಣ್ಣೆಯ ತೋಟ ಶುರುವಾಗುವಲ್ಲಿ ಒಂದು ಶೆಡ್ಡು. ಒಳಗೆ ಆಳೆತ್ತರದ ಸ್ಟೀಲಿನ ಟ್ಯಾಂಕು. ಅದರ ಗಾಜಿನ ಕಿಂಡಿಯ ಒಳಗೆ ಕಂದು ಬಣ್ಣದ ದ್ರವ ಗುಳುಗುಳು ಎನ್ನುತ್ತಿತ್ತು. ಅವರು ಟ್ಯಾಂಕಿನ ಮೈಗೆ ಕೈಯಿಟ್ಟು, "ಇವರು" ಎಂದರು.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವರು ಮಾಡಿಕೊಂಡು ಬಂದದ್ದು ಒಂದೇ ಕೆಲಸ. ತಾಳೆಗೊನೆಯ ಕಾಯಿ ಉದುರಿಸಿಕೊಂಡ ಮೇಲೆ ಉಳಿಯುವ ನಾರಿನಿಂದ ಸಕ್ಕರೆ ತೆಗೆದು ಟ್ಯಾಂಕಿಗೆ ಹಾಕುತ್ತಾರೆ. ಅದರಲ್ಲಿರುವ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ತಿಂದು ಬ್ಯೂಟನಾಲ್ ಮಾಡುತ್ತವೆ, ಜೊತೆಗೆ ಸ್ವಲ್ಪ ಅಸಿಟೋನ್. ಉರಿಸಲು, ಬಣ್ಣ ಕರಗಿಸಲು ಬೇಕಾಗುವ ದ್ರವಗಳು. ತೊಂದರೆಯೇನೆಂದರೆ ಈ ಬ್ಯೂಟನಾಲ್ ಅವಕ್ಕೇ ವಿಷ. ಅದು ಸ್ವಲ್ಪ ಸೇರಿಕೊಂಡರೆ ಸಾಕು, ಇನ್ನೂ ತಿನ್ನಲು ಸಕ್ಕರೆ ಇದ್ದರೂ ಟ್ಯಾಂಕಿಗೆ ಟ್ಯಾಂಕೇ ಸತ್ತುಹೋಗುತ್ತದೆ. ಎಲ್ಲರೂ ಹುದುಗುವುದು ಮುಗಿದ ಮೇಲೆ ಬಟ್ಟಿ ಇಳಿಸಿ ಸಿಕ್ಕಷ್ಟು ತೆಗೆದುಕೊಳ್ಳುತ್ತಾರೆ. ಸರ್ ಹಾಗಲ್ಲ. ಹುದುಗುತ್ತಿರುವಾಗಲೇ ತೆಗೆಯುವುದು ಅವರ ದಾರಿ. ಆ ಜೀವಿಗಳು ಬಿಡುವ ಗಾಳಿಯನ್ನೇ ಹಿಡಿದು ಟ್ಯಾಂಕಿನ ತಳದಿಂದ ಮತ್ತೆ ಊದಿಸುತ್ತಿದ್ದರು. ಅದು ಮೇಲೇರುವಾಗ ಬ್ಯೂಟನಾಲನ್ನು ಆವಿಯಾಗಿ ಹೊತ್ತು ತರುತ್ತಿತ್ತು. ಮೇಲಿನ ತಣ್ಣನೆಯ ಸುರುಳಿಯಲ್ಲಿ ಆವಿ ಹನಿಗಟ್ಟಿ ಗಾಜಿನ ಬಾಟಲಿಗೆ ತೊಟ್ಟಿಕ್ಕುತ್ತಿತ್ತು. ಗಾಳಿ ಮತ್ತೆ ತಳಕ್ಕೆ ಹೋಗುತ್ತಿತ್ತು.

"ತಾವು ಮಾಡಿದ್ದರಾಗ ತಾವ ಮುಳುಗಿ ಸಾಯ್ತಾವರಿ, ಪಾಪ" ಎಂದರು ಅವತ್ತು. "ನಾವು ತಗಕೋತ ಇರಬೇಕು. ಭಾಳ ಜೋರು ಊದಿದ್ರ ನೊರಿ ಉಕ್ಕತದ. ಕಡಿಮಿ ಊದಿದ್ರ ಸಾಯ್ತಾವ. ಇಷ್ಟ ನನ್ನ ವಿದ್ಯಾ."

ಆಗ ಅವರು ಟ್ಯಾಂಕಿನ ಹತ್ತಿರ ತಲೆ ವಾಲಿಸಿದರು. ತಿರುಗಿ, ಹಿಂದೆ ನಿಂತಿದ್ದ ಲ್ಯಾಬ್ ಟೆಕ್ನಿಷಿಯನ್‌ಗೆ ಗಾಳಿ ಸ್ವಲ್ಪ ಏರಿಸಲು ಹೇಳಿದರು. ಈ ಟೆಕ್ನಿಷಿಯನ್ ಮಲಯ್ ಮನುಷ್ಯ, ದೊಡ್ಡ ಹೊಟ್ಟೆ, ದೊಡ್ಡ ನಗು. ವಯಸ್ಸಿನಲ್ಲಿ ಹಿರಿಯರಾದ್ದರಿಂದ ನಾವೆಲ್ಲ ಪಾಕ್‌ಚಿಕ್ ಎನ್ನುತ್ತಿದ್ದೆವು, ಅಂದರೆ ಚಿಕ್ಕಪ್ಪ. ಅವರು ಗಾಳಿ ಏರಿಸಿ ನನ್ನ ಕಡೆ ನೋಡಿ ಮೂಗು ತಟ್ಟಿಕೊಂಡು, ಇಲ್ಲಿಯವರ ರೂಢಿಯಂತೆ ಮಾತಿನ ತುದಿಗೊಂದು 'ಲಾ' ಸೇರಿಸಿ ಹೇಳಿದರು: "ಬಾಸ್ ಮೂಗು ಮಷೀನು ಲಾ. ಮಷೀನು ಮಧ್ಯಾಹ್ನ ಹೇಳುತ್ತೆ, ಬಾಸ್ ಬೆಳಿಗ್ಗೆನೇ ಹೇಳ್ತಾರೆ."

ಅದು ನಿಜವೂ ಆಗಿತ್ತು. ಸ್ಯಾಂಪಲ್ ಪರೀಕ್ಷೆಯ ಫಲ ಬಂದಾಗಲೆಲ್ಲ ಅವರು ಮೊದಲೇ ಹೇಳಿದ್ದು ಸರಿಯಾಗಿರುತ್ತಿತ್ತು. ಹುಡುಗರು ಅವರ ಮೂಗಿನ ಬಗ್ಗೆ ಕಥೆಗಳನ್ನೇ ಕಟ್ಟಿದ್ದರು. ಅವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಮದುವೆಯಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ ತಂಗಿ ಇದ್ದಳು. ಊಟಕ್ಕೆ ಕರೆದರೆ ಒಂದು ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ತಂದು, ನಾನು ಏನೇ ಮಾಡಿದರೂ ಅದರ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು. ಹಪ್ಪಳವೆಂದರೆ ಪ್ರಾಣ. ಒಮ್ಮೆ ಮೆಲಾಕಾದಿಂದ ವಾಪಸ್ಸು ಬರುವಾಗ ರಸ್ತೆ ಬದಿಯಲ್ಲಿ ದುರಿಯನ್ ಹಣ್ಣು ಕೊಂಡು, ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನೆಮ್ಮದಿಯಾಗಿ ತಿಂದರು. ನನ್ನ ಗಂಡ ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಮೂಗು ಮುಚ್ಚಿಕೊಂಡಿದ್ದ. ಇಷ್ಟು ಚುರುಕು ಮೂಗಿನವರಿಗೆ ಇದು ಹೇಗೆ ಸಾಧ್ಯ ಎಂದು ಕೇಳಿದೆ. "ರೂಢಿರಿ" ಎಂದು ಬೀಜ ಚೀಪಿದರು.

ನನ್ನ ಮಗಳು ಮೇಧಾ ಮೂರನೆಯ ಕ್ಲಾಸಿನಲ್ಲಿದ್ದ ವರ್ಷ. ದೀಪಾವಳಿಗೆ ಪುತ್ರಜಯಾದ ಒಂದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಹಾಡು, ಮೈಕು, ಮಕ್ಕಳ ಕಿರುಚಾಟ, ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಗಲಾಟೆ. ಮೇಧಾ ನೀರಿನ ಬಾಟಲಿ ಹಿಡಿದು ಸರ್ ಎದುರಿನಿಂದ ಹಾದುಹೋದಳು. ಅವರ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ, ಬಗ್ಗಿ, ತಲೆ ವಾಲಿಸಿದರು. ಮತ್ತೆ ಬಂದು ನನ್ನ ಕೈ ಹಿಡಿದರು. ಅವರು ಯಾವತ್ತೂ ಯಾರನ್ನೂ ಮುಟ್ಟಿ ಮಾತನಾಡಿಸಿದವರಲ್ಲ.

"ಈಕಿ ಎಷ್ಟು ದಿನದಿಂದ ಹಿಂಗ ನೀರು ಕುಡೀಲಿಕತ್ತಾಳ?"

"ಇಲ್ಲಿಯ ಸೆಕೆ ಸರ್. ಹೊಸ ಸ್ಕೂಲು, ಸುಸ್ತು..."

"ಆಸ್ಪತ್ರಿಗೆ ಹೋಗ್ರಿ. ಈಗಿಂದೀಗ. ಊಟಾ ಆಮ್ಯಾಲೆ."

ಅವರ ಮುಖ ನೋಡಿ ಹೊರಟೇಬಿಟ್ಟೆವು. ಕಾರಿನಲ್ಲೇ ಮೇಧಾ ವಾಂತಿ ಮಾಡಿಕೊಂಡಳು, ಆಸ್ಪತ್ರೆ ತಲುಪುವ ಹೊತ್ತಿಗೆ ಕರೆದರೆ ಸರಿಯಾಗಿ ಓಗೊಡುತ್ತಿರಲಿಲ್ಲ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ. ದೇಹ ಸಕ್ಕರೆಯನ್ನು ಬಳಸಲಾಗದೆ ಕೊಬ್ಬು ಕರಗಿಸಿ, ರಕ್ತವೆಲ್ಲ ಆಮ್ಲವಾಗುತ್ತಿತ್ತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. "ಇಂಥ ಮಕ್ಕಳ ಉಸಿರಲ್ಲಿ ಅಸಿಟೋನ್ ವಾಸನೆ ಇರುತ್ತೆ. ಯಾರು ಗುರುತಿಸಿದ್ದು?"

ಅಸಿಟೋನ್ ಎಂದ ಕೂಡಲೇ ಎಲ್ಲ ಸರಿಹೋಯಿತು. ದಿನವಿಡೀ ಆ ಟ್ಯಾಂಕಿನ ಮುಂದೆ ನಿಲ್ಲುವ ಮನುಷ್ಯ, ಅದೇ ವಾಸನೆ ಮಗುವಿನ ಬಾಯಲ್ಲಿ ಸಿಕ್ಕಿದೆ. ನಾನು ಎಲ್ಲರಿಗೂ ಹಾಗೆಯೇ ಹೇಳಿದೆ. ಆಸ್ಪತ್ರೆಗೆ ನೋಡಲು ಬಂದ ಸರ್ ಕಾಲಿಗೆ ನಮಸ್ಕಾರ ಮಾಡಲು ಹೋದಾಗ ಅವರು ಹಿಂದೆ ಸರಿದು ಮೇಧಾಳ ಮಂಚದ ಪಕ್ಕ ನಿಂತರು. ತಲೆ ವಾಲಿಸಿದರು. ನಕ್ಕರು. "ಈಗ ಬರೋಬ್ಬರಿ ಅದ" ಎಂದರು.

ಆಮೇಲೆ ಒಂದು ಮಧ್ಯಾಹ್ನ. ಇಲ್ಲಿಯ ಗುಡುಗುಮಳೆ ಗೊತ್ತಲ್ಲ, ಎರಡು ಗಂಟೆಯ ಬಿಸಿಲು ನೋಡನೋಡುತ್ತಲೇ ಕಪ್ಪಾಗುತ್ತದೆ. ಸಿಡಿಲಿಗೆ ಲ್ಯಾಬಿನ ಕರೆಂಟು ಹೋಯಿತು. ತಣ್ಣೀರು ಸುತ್ತಿಸುವ ಯಂತ್ರ ನಿಂತು, ಸುರುಳಿ ಬಿಸಿಯಾಗಿ, ಎಲ್ಲೋ ಒಂದು ಪೈಪಿನ ಜೋಡಣೆ ಕಳಚಿಕೊಂಡಿತು. ನಾನು ಮತ್ತು ಪಾಕ್‌ಚಿಕ್ ಓಡಿಬರುವಾಗ ಶೆಡ್ಡು ಇನ್ನೂ ದೂರವಿತ್ತು, ಅಷ್ಟರಲ್ಲೇ ಬ್ಯೂಟನಾಲ್ ಗಂಟಲು ಹಿಡಿಯಿತು. ಕೊಳೆತ ಬಾಳೆಹಣ್ಣಿಗೆ ಸ್ಪಿರಿಟ್ ಸುರಿದಂಥ, ತಲೆ ಒಡೆಯುವ ವಾಸನೆ. ಕಣ್ಣಲ್ಲಿ ನೀರು. ಒಂದು ಕಿಡಿ ಸಾಕಿತ್ತು.

ಸರ್ ಒಳಗೇ ಇದ್ದರು. ಬೂಟಿನ ಸುತ್ತ ಬ್ಯೂಟನಾಲ್ ಮಡುಗಟ್ಟಿತ್ತು. ಅವರು ನಮಗೆ ಬೆನ್ನು ಹಾಕಿ, ಒಂದು ಕೈ ಟ್ಯಾಂಕಿನ ಮೇಲಿಟ್ಟು, ತಲೆ ವಾಲಿಸಿ ಆರಾಮಾಗಿ ನಿಂತಿದ್ದರು. ಮೂಗು ಮುಚ್ಚಿಕೊಂಡಿರಲಿಲ್ಲ. ಕೆಮ್ಮು ಬಂದರೆ ಕೆಮ್ಮುತ್ತಿದ್ದರು, ಮತ್ತೆ ಸುಮ್ಮನಾಗುತ್ತಿದ್ದರು. ಪಾಕ್‌ಚಿಕ್ ಅವರನ್ನು ರಟ್ಟೆ ಹಿಡಿದು ಹೊರಗೆಳೆದು, ತಾವು ಮತ್ತೆ ಬಾಗಿಲುಗಳನ್ನೆಲ್ಲ ತೆರೆಯಲು ಹೋದರು.

ನಾವಿಬ್ಬರೂ ತಗಡಿನ ಚಾವಣಿಯ ಕೆಳಗೆ ನಿಂತೆವು. ಮಳೆ ಜಡಿಯುತ್ತಿತ್ತು.

"ಸರ್, ನಿಮಗೆ ವಾಸನೆ ಬರಲಿಲ್ವಾ?"

ಅವರು ಬೂಟು ಬಿಚ್ಚಿ ಮಳೆನೀರಿಗೆ ಹಿಡಿದರು. ತೊಳೆದು ಗೋಡೆಗೆ ಒರಗಿಸಿಟ್ಟರು.

"ನನಗ ವಾಸನಿ ಬರಂಗಿಲ್ಲರಿ" ಎಂದರು. "ಸಣ್ಣಾಂವ ಇದ್ದಾಗ ಒಂದು ಜ್ವರಾ ಬಂದಿತ್ತು. ಅವತ್ತಿಂದ ಮಲ್ಲಿಗಿ ಇಲ್ಲ, ಗಟಾರ ಇಲ್ಲ. ಏನೂ ಇಲ್ಲ."

ನಾನು ಅವರ ಕಡೆ ತಿರುಗಿದೆ.

"ಮತ್ತೆ ಮೇಧಾ? ಅವತ್ತು ಹಾಲಿನಲ್ಲಿ ನಿಮಗೆ ಏನು ಗೊತ್ತಾಯ್ತು?"

"ವಾಸನಿ ಅಂದ್ರ ಮಂದಿ ಒಪ್ಪಕೋತಾರ್ರಿ. ಅದಕ್ಕ ಸುಮ್ಮನಿದ್ದೆ." ಅವರು ಟ್ಯಾಂಕಿನ ಕಡೆ ನೋಡಿದರು. "ಇವರ ಮುಂದ ಭಾಳ ವರ್ಷ ನಿಂತೇನಿ. ಸಾಯೂಕಿಂತ ಮೊದಲ ಇವರ ಸುತ್ತ ಸದ್ದು ಕಡಿಮಿ ಆಗ್ತದ. ಪಂಪು ನಡದಿರ್ತದ, ಗುಳ್ಳಿ ಏಳತಿರ್ತಾವ, ಕಣ್ಣಿಗೆ ಕಾಣ್ತಾವ. ಆದ್ರ ಕಿವಿಗೆ ಬರಂಗಿಲ್ಲ. ನೀರಾಗ ಮುಳುಗಿದಾಗ ಹೊರಗಿನ ಸದ್ದು ದೂರ ಹೋಗ್ತದಲ್ಲ, ಹಂಗ. ಮೊದಲ ನನ್ನ ಕಿವಿದ ತ್ರಾಸ ಅಂದ್ಕೊಂಡಿದ್ದೆ. ಪರೀಕ್ಷಾ ಮಾಡಿಸಿದೆ. ಕಿವಿ ಚಲೋ ಅದ."

"ಮೇಧಾ ಸುತ್ತಲೂ?"

"ಅಷ್ಟು ಗದ್ದಲದಾಗ ಆಕಿ ನನ್ನ ಮುಂದಿಂದ ಹೋದಳು. ಆಕಿ ಹೋದಲ್ಲೆಲ್ಲಾ ಮೈಕ್ ಬಂದ್ ಆದಂಗ ಆತು. ಆಕಿ ಹಿಂದ ನಾಲ್ಕು ಹೆಜ್ಜಿ ಹೋದೆ. ನನ್ನ ಚಪ್ಪಲಿ ಸದ್ದೂ ನನಗ ಕೇಳಸಲಿಲ್ಲ."

ರಾತ್ರಿ ನನ್ನ ಗಂಡನಿಗೆ ಹೇಳಿದೆ. ಅವನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಮಗು ಸಣ್ಣಗಾಗಿತ್ತು, ನೀರು ಕುಡೀತಿತ್ತು. ಅದನ್ನ ನೋಡಿ ಊಹಿಸಿದ್ದಾರೆ. ನೀನೂ ಇಂಜಿನಿಯರ್ ಅಲ್ವಾ?" ಎಂದ. ಆ ಮಾತನ್ನು ನಾನು ನಂಬಲು ಬಹಳ ಪ್ರಯತ್ನಿಸಿದೆ. ಆದರೆ ಅಲ್ಲಿಂದ ಮುಂದೆ ಅವರನ್ನು ವಾರಕ್ಕೊಮ್ಮೆ ಊಟಕ್ಕೆ ಕರೆಯತೊಡಗಿದೆ. ಹಪ್ಪಳ ಕರಿದಿಡುತ್ತಿದ್ದೆ. ಮೇಧಾಳ ಕೈಯಲ್ಲೇ ಬಡಿಸುತ್ತಿದ್ದೆ. ಅವಳು ಅವರ ಪಕ್ಕ ಬಗ್ಗಿದಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು. ಹಪ್ಪಳ ಮುರಿದು, ಕಣ್ಣಲ್ಲೇ 'ಸರಿ ಇದೆ' ಎನ್ನುತ್ತಿದ್ದರು.

ಹೀಗೆ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಸರ್ ಪಾಕ್‌ಚಿಕ್ ಹಿಂದೆಯೇ ಓಡಾಡುತ್ತಿದ್ದುದನ್ನು ಕಂಡೆ. ಪಾಕ್‌ಚಿಕ್ ವಾಲ್ವ್ ತಿರುಗಿಸಿದರೆ ಇವರು ಪಕ್ಕದಲ್ಲಿ. ಅವರು ಟೀ ಕುಡಿಯಲು ಹೋದರೆ ಇವರೂ ಎದುರಿಗೆ. "ಏನಾದ್ರೂ ಮಾತಾಡಿ, ಹಾಡು ಹೇಳಿ" ಎಂದು ಮಲಯ್ ಭಾಷೆಯಲ್ಲಿ ದುಂಬಾಲು ಬಿದ್ದಿದ್ದರು. ಪಾಕ್‌ಚಿಕ್ ನಗುತ್ತ ಒಂದು ಹಳೆಯ ಹಾಡು ಹೇಳಿದರು. ಸರ್ ಪಾಕ್‌ಚಿಕ್‌ರ ತುಟಿಗಳನ್ನೇ ನೋಡುತ್ತಿದ್ದರು. ಹಾಡು ನನಗೆ ಚೆನ್ನಾಗಿ ಕೇಳುತ್ತಿತ್ತು.

ಆಮೇಲೆ ನನ್ನ ಹತ್ತಿರ ಬಂದರು. "ಅವರನ್ನ ಡಾಕ್ಟರ್ ಕಡೆ ಕಳಸ್ರಿ. ನಾ ಹೇಳಿದ್ರ ನಗ್ತಾರ."

ಪಾಕ್‌ಚಿಕ್ ನನ್ನ ಮಾತಿಗೂ ನಕ್ಕರು. ಆದರೂ ಹೋದರು. ರಕ್ತ, ಎದೆಯ ಇಸಿಜಿ, ಹೊಟ್ಟೆಯ ಸ್ಕ್ಯಾನ್, ಎಲ್ಲ ಆಯಿತು. ಬಿಪಿ ಸ್ವಲ್ಪ ಜಾಸ್ತಿ, ತೂಕ ಇಳಿಸಿ ಎಂದರಂತೆ. "ಎಲ್ಲಾ ಓಕೆ ಲಾ, ನಾಸಿ ಲೆಮಾಕ್ ಮಾತ್ರ ಬೇಡವಂತೆ" ಎಂದು ಹೊಟ್ಟೆ ತಟ್ಟಿಕೊಂಡು ಬಂದರು. ತೆಂಗಿನಹಾಲಿನ ಆ ಅನ್ನವಿಲ್ಲದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ನಾನು ಸರ್ ಕಡೆ ನೋಡಿದೆ. ಅವರು ಅಡ್ಡಡ್ಡ ತಲೆಯಾಡಿಸಿದರು.

"ಇನ್ನೂ ಅದ" ಎಂದರು ಮರುದಿನ. ಅದರ ಮರುದಿನವೂ ಅದನ್ನೇ ಹೇಳಿದರು.

ನನಗೆ ಸಿಟ್ಟು ಬಂತು. "ಇದೆ ಅಂದರೆ ಏನಿದೆ ಸರ್? ಡಾಕ್ಟರಿಗೆ ಏನು ಹುಡುಕಿ ಅಂತ ಹೇಳೋದು?"

"ಅದ ನನಗ ಗೊತ್ತಿಲ್ಲ. ಟ್ಯಾಂಕಿನಾಗ ಏನು ತಗೀಬೇಕು ಗೊತ್ತದ. ನಿಮ್ಮ ಮಗಳಿಗೆ ಏನು ಆಗೇದ ಅಂತ ಡಾಕ್ಟರಿಗೆ ಗೊತ್ತಾತು. ಇವರೊಳಗ ಏನು ತುಂಬಲಿಕತ್ತದ..."

ಹಬ್ಬಕ್ಕೆ ಊರಿಗೆ ಹೋದ ಪಾಕ್‌ಚಿಕ್ ಮರಳಿ ಬರಲಿಲ್ಲ. ಶುಕ್ರವಾರದ ನಮಾಜು ಮುಗಿಸಿ ಮನೆಗೆ ಬಂದು, ಜಗಲಿಯ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ ಎಂದು ಅವರ ಮಗ ಫೋನು ಮಾಡಿದ. ಸತ್ತವರ ಹೆಸರಿನಲ್ಲಿ ಊಟ ಹಾಕಿದ ದಿನ ನಾನೂ ಸರ್ ಕೂಡಿ ಹೋದೆವು. ಪಾಕ್‌ಚಿಕ್‌ರ ಹೆಂಡತಿ ಬಾಗಿಲಿಗೆ ಬಂದು ಸರ್ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಹೇಳಿದಳು. ನನಗೆ ಅರ್ಥವಾದದ್ದು ಇಷ್ಟು: ಕೊನೆಯ ದಿನಗಳಲ್ಲಿ 'ಬಾಸ್ ನನ್ನನ್ನು ಬಹಳ ಪ್ರೀತಿಸುತ್ತಾರೆ, ಬಿಟ್ಟು ಕದಲುವುದೇ ಇಲ್ಲ' ಎಂದು ಪಾಕ್‌ಚಿಕ್ ಮನೆಯಲ್ಲಿ ಹೇಳಿ ಸಂತೋಷಪಡುತ್ತಿದ್ದರಂತೆ. ಸರ್ ಆಕೆಗೆ ಕೈಮುಗಿದರು. ಅನ್ನ ಮುಟ್ಟಲಿಲ್ಲ.

ಅಲ್ಲಿಂದ ಅವರು ಬದಲಾದರು. ಜನರಿಂದ ಮಾರು ದೂರ ನಿಲ್ಲತೊಡಗಿದರು. ಪಾಠವನ್ನೂ ಹುಡುಗರನ್ನು ಹಿಂದಿನ ಬೆಂಚುಗಳಿಗೆ ಕಳಿಸಿ ಮಾಡುತ್ತಿದ್ದರು. ಪಾಕ್‌ಚಿಕ್‌ರನ್ನು ಡಾಕ್ಟರ ಬಳಿ ಕಳಿಸಿದ್ದು ಅವರೇ ಎಂಬ ಸುದ್ದಿ ಹೇಗೋ ಕ್ಯಾಂಪಸ್ಸಿನಲ್ಲಿ ಹರಡಿತ್ತು. ಕ್ಯಾಂಟೀನಿನ ತಮಿಳು ಅಕ್ಕ ಅವರ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಇದಕ್ಕೆ ವಿರುದ್ಧವಾಗಿ, ಗಣಿತ ಕಲಿಸುವ ಒಬ್ಬ ವಯಸ್ಸಾದ ಚೀನೀ ಮೇಷ್ಟರು ಪ್ರತಿ ಸೋಮವಾರ ಬಂದು ಇವರ ಮೂಗಿನ ಹತ್ತಿರ ನಿಂತು, "ಓಕೆ?" ಎಂದು ಕೇಳಿ ಹೋಗುತ್ತಿದ್ದರು. ಸರ್ ಪಾಪ, ಅವರನ್ನು ಮಾತ್ರ ಬೇಡವೆನ್ನಲಾಗದೆ "ಓಕೆ, ಓಕೆ" ಎಂದು ಕಳಿಸುತ್ತಿದ್ದರು.

ನಮ್ಮ ಮನೆಗೆ ಬರುವುದನ್ನೂ ನಿಲ್ಲಿಸಿದರು. ನಾನು ಲ್ಯಾಬಿಗೇ ಹೋಗಿ ಕೇಳಿದೆ.

"ಊಟ ಬೇಡ ಸರ್. ಬಂದು ಒಂದು ನಿಮಿಷ ಅವಳ ಪಕ್ಕ ನಿಂತು ಹೋಗಿ. ಅಷ್ಟೇ."

"ನಿಂತ್ರ ಏನು ಸಿಗ್ತದ ನಿಮಗ? ಸದ್ದು ಕೇಳಿಸ್ತು ಅಂದ್ರ ಒಂದಿನದ ಸಮಾಧಾನ. ನಾಳಿಗೆ ಮತ್ತ ಕರೀತೀರಿ. ಕೇಳಸಲಿಲ್ಲ ಅಂದ್ರ?"

"ಅಂದ್ರೆ ಆಸ್ಪತ್ರೆಗೆ ಓಡ್ತೀವಿ."

"ಪಾಕ್‌ಚಿಕ್ ಆಸ್ಪತ್ರಿಗೆ ಹೋಗಿ ಬಂದ್ರಲ್ಲ." ಅವರು ಟೇಬಲ್ಲಿನ ಆಚೆಗೆ ಸರಿದು ನಿಂತರು. "ಸಕ್ಕರಿ ನೋಡೂ ಮಷೀನು ಅದ ನಿಮ್ಮ ಕಡೆ. ಅದನ್ನ ನಂಬ್ರಿ. ನನ್ನನ್ನ ನಂಬಬ್ಯಾಡ್ರಿ. ತಾಯಿ ಇದ್ದೀರಿ, ಹುಚ್ಚು ಹಿಡೀತದ."

ಫೋನಿನಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ಫೋನಿನಲ್ಲಿ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಅದೇ ಅವರ ಸುಖ. ಪ್ರತಿ ಭಾನುವಾರ ಮೇಧಾಗೆ ಕರೆ ಮಾಡಿ ತಾಸುಗಟ್ಟಲೆ ಹರಟುತ್ತಿದ್ದರು. ಇವರು ಧಾರವಾಡದ ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಇನ್ಸುಲಿನ್ ಸೂಜಿಯ ನೋವು, ಸ್ಕೂಲಿನ ಜಗಳ, ಟ್ಯಾಂಕಿನವರ ಯೋಗಕ್ಷೇಮ, ಎಲ್ಲ. ಅವಳು ಅವರನ್ನು ಅಜ್ಜ ಎನ್ನುತ್ತಿದ್ದಳು. ಬಾಗಿಲ ಸಂದಿನಿಂದ ಅವರ ನಗು ನನಗೆ ಕೇಳುತ್ತಿತ್ತು. ಹತ್ತೇ ನಿಮಿಷದ ದಾರಿಯಲ್ಲಿದ್ದ ಮನುಷ್ಯ.

ಕೊನೆಯ ವರ್ಷ ಅವರ ಟ್ಯಾಂಕು ನಿಲ್ಲದೆ ತಿಂಗಳುಗಟ್ಟಲೆ ನಡೆಯಿತು. ಒಂದು ಕಡೆಯಿಂದ ಸಕ್ಕರೆ, ಇನ್ನೊಂದು ಕಡೆಯಿಂದ ಬ್ಯೂಟನಾಲ್. ನೋಡಲು ಬಂದವರು ಬೆರಗಾಗುತ್ತಿದ್ದರು. ಅಷ್ಟರಲ್ಲಿ ಅನುದಾನ ಮುಗಿಯಿತು, ಅವರ ನಿವೃತ್ತಿಯೂ ಬಂತು, ಶೆಡ್ಡು ಬೇರೊಬ್ಬರಿಗೆ ಬೇಕಾಯಿತು. ಟ್ಯಾಂಕಿನಲ್ಲಿ ಚೆನ್ನಾಗಿ ಬದುಕಿದ್ದವರನ್ನೇ ಹಬೆ ಬಿಟ್ಟು ಕೊಲ್ಲಬೇಕು, ಅದು ನಿಯಮ. ಬೇರೆಯವರು ಮಾಡುತ್ತೇವೆ ಎಂದರೂ ಸರ್ ಕೇಳಲಿಲ್ಲ. ಹಬೆಯ ವಾಲ್ವನ್ನು ತಾವೇ ತಿರುಗಿಸಿ, ಕೈ ಸುಡುವವರೆಗೂ ಟ್ಯಾಂಕಿನ ಮೇಲಿಂದ ತೆಗೆಯಲಿಲ್ಲ. ಹೊರಗೆ ಬಂದಾಗ ಮುಖ ಬೆವರಿನಿಂದ ತೊಯ್ದಿತ್ತು.

"ಕಡೀತನಕ ಗದ್ದಲಾನ ಇತ್ತರಿ" ಎಂದರು. "ಅವರಿಗೆ ಗೊತ್ತ ಆಗಲಿಲ್ಲ."

ಅವರು ಊರಿಗೆ ಹೊರಟ ದಿನ ನಾನೂ ಮೇಧಾಳೂ ವಿಮಾನ ನಿಲ್ದಾಣಕ್ಕೆ ಹೋದೆವು. ಅವಳಾಗಲೇ ನನ್ನ ಭುಜ ಮುಟ್ಟುವಷ್ಟು ಎತ್ತರವಾಗಿದ್ದಳು. ಶಾಲೆಗಳಿಗೆ ರಜೆ ಬಿಟ್ಟ ವಾರ. ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಟ ಒಂದು ದೊಡ್ಡ ಗುಂಪು, ಅವರನ್ನು ಕಳಿಸಲು ಬಂದ ಸಂಸಾರಗಳು, ಅಳುವ ಮಕ್ಕಳು, ಮೇಲಿನಿಂದ ಸತತ ಘೋಷಣೆ. ನಾನು ಮಾತನಾಡಬೇಕಾದರೆ ಕೂಗಬೇಕಿತ್ತು. ಸರ್ ಟ್ರಾಲಿಯನ್ನು ನಮಗೂ ತಮಗೂ ನಡುವೆ ಅಡ್ಡವಿಟ್ಟುಕೊಂಡು ನಿಂತಿದ್ದರು. ಸುತ್ತ ನೋಡಿ, "ಇವತ್ತ ಮಂದಿ ಇದ್ರೂ ಎಷ್ಟು ಶಾಂತ ಅದರಿ ಇಲ್ಲಿ" ಎಂದರು.

ನಾನು ಏನೂ ಹೇಳುವ ಮೊದಲೇ ಮೇಧಾ ಟ್ರಾಲಿ ಬಳಸಿ ಹೋಗಿ ಅವರನ್ನು ತಬ್ಬಿಕೊಂಡಳು. ಕಿವಿಯ ಹತ್ತಿರವೇ ಬಾಯಿಟ್ಟು, ತನಗೆ ಬರುವ ಕನ್ನಡದಲ್ಲಿ, "ಅಜ್ಜ, ಬೇಗ ವಾಪಸ್ ಬನ್ನಿ" ಎಂದು ಕೂಗಿದಳು. ನನಗೆ ಅಷ್ಟು ದೂರಕ್ಕೂ ಕೇಳಿಸಿತು.

ಅವರು ಅವಳ ತಲೆ ಸವರಿ, ನನ್ನ ಕಡೆ ನೋಡಿ ಕೇಳಿದರು: "ಈಕಿ ಏನರೆ ಅಂದಳೇನು?"

ಆ ಕ್ಷಣದಲ್ಲಿ ನನ್ನ ಮುಖ ಹೇಗಿತ್ತೋ. ಮೇಧಾಳನ್ನು ಕೈ ಹಿಡಿದು ನನ್ನ ಕಡೆಗೆ ಎಳೆದುಕೊಂಡೆ. ಅವರು ಟ್ರಾಲಿ ಬಿಟ್ಟು ಎರಡೂ ಕೈ ಎತ್ತಿದರು.

"ಗಾಬರಿ ಆಗಬ್ಯಾಡ್ರಿ. ಆಕಿದಲ್ಲ. ಆಕಿ ಬರೂಕಿಂತ ಮೊದಲಿಂದ ಅದ. ಮುಂಜಾನಿ ಎದ್ದಾಗಿಂದ ಹಿಂಗ ಅದ, ಟ್ಯಾಕ್ಸಿಯಾಗೂ ಇತ್ತು. ನಿಮ್ಮ ಮಾತು ತುಟಿ ನೋಡಿ ತಿಳಕೊಳ್ಳಿಕತ್ತೇನಿ."

ನನ್ನ ಮನಸ್ಸು ಒಂದೂ ಮಾತನ್ನು ಹಿಡಿಯಲಿಲ್ಲ. ನಂಬಲಿಕ್ಕೂ ಆಗಲಿಲ್ಲ, ಏಕೆಂದರೆ ನನ್ನನ್ನು ಸಮಾಧಾನಪಡಿಸಲು ಅವರು ಏನು ಬೇಕಾದರೂ ಹೇಳಬಲ್ಲವರು. ಆದರೂ ಕೂಗಿ ಹೇಳಿದೆ, "ಸರ್, ಹೋದ ಕೂಡ್ಲೇ ಡಾಕ್ಟರ್ ಹತ್ರ ಹೋಗಿ. ದಯವಿಟ್ಟು."

ಅವರು ನಕ್ಕರು. "ಹೋಗ್ತೀನಿ. ಏನು ತಗೀರಿ ಅಂತ ಹೇಳ್ಲಿ ಅವರಿಗೆ?"

ಒಳಗೆ ಹೋಗುವವರೆಗೂ ತಿರುಗಿ ತಿರುಗಿ ಕೈಬೀಸುತ್ತಿದ್ದರು. ಜನರನ್ನು ಮುಟ್ಟದಂತೆ ದಾರಿ ಬಿಡಿಸಿಕೊಂಡು ನಡೆಯುತ್ತಿದ್ದ ಅವರು ಅವತ್ತು ಯಾರಿಗೂ ಸರಿಯಲಿಲ್ಲ. ಆ ಗುಂಪಿನ ನಡುವೆ, ಎಲ್ಲರ ಭುಜಕ್ಕೆ ಭುಜ ತಾಗಿಸಿಕೊಂಡು, ನಿಧಾನವಾಗಿ ಹೋದರು.

ಮುಂದಿನ ವಾರಗಳನ್ನು ಹೇಗೆ ಕಳೆದೆನೆಂದು ನನಗೇ ಗೊತ್ತು. ಮೇಧಾಳ ಸಕ್ಕರೆಯನ್ನು ನೋಡಿದ್ದೇ ನೋಡಿದ್ದು. ರಕ್ತ, ಮೂತ್ರಪಿಂಡ, ಹೃದಯ, ಕಣ್ಣು ಎಲ್ಲ ಪರೀಕ್ಷೆ ಮಾಡಿಸಿದೆ. ಅವಳು ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು ನೀರಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. "ಅಮ್ಮಾ, ಸ್ಟಾಪ್ ಇಟ್ ಲಾ" ಎಂದು ಅವಳು ರೇಗುತ್ತಿದ್ದಳು. ಸರ್ ಫೋನು ಮಾಡುವುದನ್ನು ನಿಲ್ಲಿಸಿದ್ದರು. ನಾನು ಮಾಡಿದರೆ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕ್ಲಾಸು ಮುಗಿಸಿ ಬರುವಾಗ ಅವರ ನಂಬರಿನಿಂದಲೇ ಕರೆ ಬಂತು. ಹೆಣ್ಣುದನಿ. ಅವರ ತಂಗಿ. ಹಿಂದಿನ ದಿನ ಹೋದರು ಎಂದರು. ಜಡ್ಡೇನು ಅಂತ ಡಾಕ್ಟರಿಗೂ ಸರಿಯಾಗಿ ಗೊತ್ತಾಗಲಿಲ್ಲ, ದಿನಾ ಒಂದಿಷ್ಟು ಇಳಿಯುತ್ತಾ ಹೋದರು ಎಂದರು.

ನಾನು ಕಾರಿಡಾರಿನ ಗೋಡೆಗೆ ಒರಗಿದೆ. ಅಳು ಬಂತು. ಅಳುವಿನ ಒಳಗೇ, ಹಾಗಾದರೆ ಅದು ಮೇಧಾಳದಲ್ಲ ಎಂಬುದೂ ಬಂತು. ಎರಡನ್ನೂ ಬೇರೆ ಮಾಡಲು ನನಗೆ ಈವತ್ತಿಗೂ ಆಗಿಲ್ಲ.

ಆಕೆ ಮಾತು ನಿಲ್ಲಿಸಲಿಲ್ಲ. ಹೇಳಿಕೊಳ್ಳಲು ಯಾರಾದರೂ ಬೇಕಿತ್ತೇನೋ.

"ಕಡೀ ಕಡೀಗೆ ಒಂದ ಹಟಾರಿ ಅಣ್ಣಂದು. ಮಾತಾಡ್ರಿ, ಯಾಕ ಎಲ್ಲಾರೂ ಸುಮ್ಮ ಕೂತೀರಿ, ಮಾತಾಡ್ರಿ ಅಂತಿದ್ದ. ನಾವು ನಾಲ್ಕು ಮಂದಿ ಸುತ್ತ ಕೂತು ಮಾತಾಡಲಿಕತ್ತೇ ಇದ್ವಿ. ಮೊಮ್ಮಕ್ಕಳು ಹಾಡಿದ್ವು. ಟಿವಿ ಜೋರ ಇಟ್ವಿ. ಪಕ್ಕದ ಮನಿಯವರು ಬಂದು ಬಾಗಲಾ ಬಡದ್ರು, ಅಷ್ಟು ಜೋರ. ಆದ್ರೂ ಮಾತಾಡ್ರಿ ಅಂತಾನ." ಆಕೆ ಮೂಗು ಒರೆಸಿಕೊಂಡದ್ದು ಕೇಳಿಸಿತು. "ನೀವು ಅಲ್ಲಿ ಜೋಡಿ ಇದ್ದವರು. ಕಿವಿ ಹೋಗಿತ್ತೇನ್ರಿ ಅವಂದು? ನಮಗ ಹೇಳಲೇ ಇಲ್ಲ ನೋಡ್ರಿ."

"ಇಲ್ಲಮ್ಮ" ಎಂದೆ. "ಅವರ ಕಿವಿ ಚೆನ್ನಾಗಿತ್ತು."